ಟೈಟ್ ಎಂಡ್ ಇದ್ದ ಮೇಲೂ ಇನ್ನೊಬ್ಬ ಟೈಟ್ ಎಂಡ್ ಯಾಕೆ?

ಪ್ರಶ್ನೆ: ನಾವು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದೇವೆ. ಹದಿನಾಲ್ಕು ವರ್ಷದ ಮಗನಿಗೆ ಶಿಕಾಗೋದ ಅಮೆರಿಕನ್ ಫುಟ್‌ಬಾಲ್ ತಂಡ ಬೇರ್ಸ್ ಅಂದರೆ ಪ್ರಾಣ. ಅವನ ಜೊತೆ ಕೂತು ನೋಡಿ ನೋಡಿ ನನಗೂ ಆಟ ಅಷ್ಟಿಷ್ಟು ಅರ್ಥವಾಗುತ್ತಿದೆ. ಆದರೆ ಈ ವರ್ಷದ, ಅಂದರೆ 2025ರ, ಡ್ರಾಫ್ಟ್ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಅರ್ಥವಾಗಲಿಲ್ಲ. ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಆಟಗಾರ) ಜಾಗದಲ್ಲಿ ಕೋಲ್ ಕ್ಮೆಟ್ ಇದ್ದಾನೆ, ರಿಸೀವರ್‌ಗಳಾಗಿ (ಎಸೆದ ಚೆಂಡು ಹಿಡಿಯುವವರಾಗಿ) ಡಿ.ಜೆ. ಮೂರ್ ಮತ್ತು ರೋಮ್ ಒಡೂನ್ಜೆ ಇದ್ದಾರೆ. ಹಾಗಿದ್ದೂ ಮೊದಲ ಆಯ್ಕೆಯಲ್ಲಿ ಇನ್ನೊಬ್ಬ ಟೈಟ್ ಎಂಡ್, ಎರಡನೆಯದರಲ್ಲಿ ಇನ್ನೊಬ್ಬ ರಿಸೀವರ್! ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹೋದ ವರ್ಷ ಅಷ್ಟು ಏಟು ತಿಂದ ಮೇಲೂ ಅವನನ್ನು ಕಾಯುವ ಲೈನ್ ಬಿಟ್ಟು ಇವರನ್ನು ಯಾಕೆ ತಂದರು? ಎಲ್ಲಿ ಆಡಿಸುತ್ತಾರೆ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಒಂದು ಎಣಿಕೆ ಇದೆ. ಒಂದು ಜಾಗಕ್ಕೆ ಒಬ್ಬ, ಆ ಜಾಗ ಭರ್ತಿಯಾಗಿದ್ದರೆ ಹೊಸಬನಿಗೆ ಕೆಲಸವಿಲ್ಲ ಅನ್ನುವುದು. ಕ್ರಿಕೆಟ್ ನೋಡಿ ಬೆಳೆದ ನಮಗೆಲ್ಲ ಹಾಗೆ ಅನಿಸುವುದು ಸಹಜ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಫೆನ್ಸ್‌ನ (ಚೆಂಡು ಕೈಯಲ್ಲಿರುವ ತಂಡದ) ಹನ್ನೊಂದು ಜನರಲ್ಲಿ ಐವರು ಲೈನ್‌ನವರು, ಒಬ್ಬ ಕ್ವಾರ್ಟರ್‌ಬ್ಯಾಕ್. ಈ ಆರು ಜನ ಸಾಮಾನ್ಯವಾಗಿ ಬದಲಾಗುವುದಿಲ್ಲ. ಉಳಿದ ಐವರು ಯಾರು ಅನ್ನುವುದು ಪ್ರತಿ ಪ್ಲೇಗೂ, ಅಂದರೆ ಚೆಂಡು ಆಡುವ ಪ್ರತಿ ಸರದಿಗೂ, ಬದಲಾಗಬಹುದು. ಒಂದು ಸಲ ಮೂವರು ರಿಸೀವರ್‌ಗಳು, ಮುಂದಿನ ಸಲ ಇಬ್ಬರು ಟೈಟ್ ಎಂಡ್‌ಗಳು. ಬೇರ್ಸ್ ಈ ವಸಂತದಲ್ಲಿ ಕೊಂಡದ್ದೆಲ್ಲ ಆ ಐದು ಜಾಗಗಳನ್ನು ಬೇಕಾದ ಹಾಗೆ ಅದಲು ಬದಲು ಮಾಡುವುದಕ್ಕೆ.

ಉಳಿದ ಓದುಗರಿಗಾಗಿ ಎರಡು ಮಾತು. 2024ರ ಸೀಸನ್‌ನಲ್ಲಿ ಬೇರ್ಸ್ ಗೆದ್ದದ್ದು 5, ಸೋತದ್ದು 12. ಹೆಚ್ಚು ಸೋತವರಿಗೆ ಡ್ರಾಫ್ಟ್‌ನಲ್ಲಿ ಮುಂದಿನ ಸಾಲು, ಹಾಗಾಗಿ ಹತ್ತನೇ ಆಯ್ಕೆ ಸಿಕ್ಕಿತು. ಮಿಷಿಗನ್ ವಿಶ್ವವಿದ್ಯಾಲಯದ ಟೈಟ್ ಎಂಡ್ ಕೋಲ್ಸ್ಟನ್ ಲವ್‌ಲ್ಯಾಂಡ್ ಬಂದ. 39ನೆಯವನಾಗಿ ಮಿಸ್ಸೂರಿಯ ರಿಸೀವರ್ ಲೂಥರ್ ಬರ್ಡನ್, 56ನೆಯವನಾಗಿ ಬಾಸ್ಟನ್ ಕಾಲೇಜಿನ ಟ್ಯಾಕಲ್ (ಲೈನ್‌ನ ತುದಿಯವನು) ಆಝಿ ಟ್ರಪಿಲೊ. ಆರನೇ ಸುತ್ತಿನಲ್ಲಿ ಲೈನ್‌ಗೆ ಲೂಕ್ ನ್ಯೂಮನ್, ಏಳನೇ ಸುತ್ತಿನಲ್ಲಿ, 233ನೇ ಆಯ್ಕೆಯಾಗಿ ರಟ್ಗರ್ಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಕೈಲ್ ಮೊನಂಗೈ. ಆಫೆನ್ಸ್‌ಗೆ ಬಂದವರು ಈ ಐವರು.

ಲೈನ್ ಬಿಟ್ಟರು ಅಂದಿರಲ್ಲ, ಬಿಡಲಿಲ್ಲ. ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಹೋದ ವರ್ಷ 68 ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಬಿದ್ದ. ಇಡೀ ಲೀಗ್‌ನಲ್ಲಿ ಅಷ್ಟು ಸಲ ಬಿದ್ದವರು ಇನ್ನೊಬ್ಬರಿಲ್ಲ. ಅದನ್ನು ಸರಿಮಾಡಲು ಜನರಲ್ ಮ್ಯಾನೇಜರ್ ರಯಾನ್ ಪೋಲ್ಸ್ ಡ್ರಾಫ್ಟ್‌ವರೆಗೆ ಕಾಯಲಿಲ್ಲ. ಮಾರ್ಚ್‌ನಲ್ಲೇ ಕ್ಯಾನ್ಸಸ್ ಸಿಟಿಯಿಂದ ಜೋ ಥೂನಿ, ಲಾಸ್ ಏಂಜಲೀಸ್ ರ್‍ಯಾಮ್ಸ್‌ನಿಂದ ಜೋನಾ ಜ್ಯಾಕ್ಸನ್, ಅಟ್ಲಾಂಟಾದಿಂದ ಸೆಂಟರ್ (ಲೈನ್‌ನ ನಟ್ಟನಡುವಿನವನು) ಡ್ರೂ ಡಾಲ್ಮನ್ ಮೂವರನ್ನೂ ತಂದರು. ಲೈನ್‌ನ ನಡುಭಾಗ ಪೂರ್ತಿ ಹೊಸದು. ಅಲ್ಲಿ ಅನುಭವಿಗಳನ್ನು ಕೂರಿಸಿಕೊಂಡ ಮೇಲೆಯೇ ಏಪ್ರಿಲ್‌ನಲ್ಲಿ ಚೆಂಡು ಹಿಡಿಯುವವರನ್ನು ಹುಡುಕಿಕೊಂಡು ಹೋದರು. ಇದು ಸರಿಯಾದ ಕ್ರಮ ಅಂತಲೇ ನನ್ನ ಅಭಿಪ್ರಾಯ. ಏಟು ತಿನ್ನುತ್ತಿರುವ ಕ್ವಾರ್ಟರ್‌ಬ್ಯಾಕ್ ಮುಂದೆ ಮೂವರು ಹೊಸ ಹುಡುಗರನ್ನು ನಿಲ್ಲಿಸಿದ್ದರೆ ಇನ್ನೊಂದು ವರ್ಷ ಹಾಳಾಗುತ್ತಿತ್ತು.

ಈಗ ಕೋಚ್ ವಿಷಯಕ್ಕೆ ಬರೋಣ. ಎಲ್ಲವೂ ನಿಂತಿರುವುದು ಅವರ ಮೇಲೆ. ಬೆನ್ ಜಾನ್ಸನ್ ಜನವರಿಯಲ್ಲಿ ಡೆಟ್ರಾಯಿಟ್ ಲಯನ್ಸ್ ಬಿಟ್ಟು ಬೇರ್ಸ್‌ಗೆ ಹೆಡ್ ಕೋಚ್ ಆಗಿ ಬಂದರು. ಅದಕ್ಕೆ ಮೊದಲು ಮೂರು ಸೀಸನ್ ಡೆಟ್ರಾಯಿಟ್‌ನ ಆಫೆನ್ಸ್ ಕಟ್ಟಿದವರು. ಅದಕ್ಕೂ ಮೊದಲು ಅಲ್ಲೇ ಟೈಟ್ ಎಂಡ್‌ಗಳ ಕೋಚ್ ಆಗಿದ್ದರು ಅನ್ನುವುದನ್ನು ಗಮನದಲ್ಲಿಡಿ. 2024ರಲ್ಲಿ ಅವರ ಆಫೆನ್ಸ್ 564 ಪಾಯಿಂಟ್ ಗಳಿಸಿತು, ಲೀಗ್‌ಗೇ ಮೊದಲು.

ನಾನು ಮೈಸೂರಿನ ಮೈದಾನಗಳಲ್ಲಿ ಟೆನಿಸ್ ಬಾಲಿನಲ್ಲಿ ಲೆಗ್ ಸ್ಪಿನ್ ಹಾಕುತ್ತಾ ಬೆಳೆದವನು. ಜಾನ್ಸನ್ ಆಫೆನ್ಸ್ ನೋಡಿದಾಗೆಲ್ಲ ನನಗೆ ನಮ್ಮೂರಿನ ಬಿ.ಎಸ್. ಚಂದ್ರಶೇಖರ್ ನೆನಪಾಗುತ್ತಾರೆ. 1971ರ ಓವಲ್ ಟೆಸ್ಟ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತವರು. ಅದೇ ಓಟ, ಅದೇ ಕೈ ಬೀಸು, ಆದರೆ ಬರುವುದು ಗೂಗ್ಲಿಯೋ ಟಾಪ್ ಸ್ಪಿನ್ನೋ ವೇಗದ ಎಸೆತವೋ ಅಂತ ಬ್ಯಾಟ್ಸ್‌ಮನ್‌ಗೆ ಕೈ ನೋಡಿ ಗೊತ್ತಾಗುತ್ತಿರಲಿಲ್ಲ. ಜಾನ್ಸನ್ ಅವರದೂ ಅದೇ ವಿದ್ಯೆ. ಓಟದ ಪ್ಲೇ, ಎಸೆತದ ಪ್ಲೇ ಎರಡೂ ಮೊದಲ ಎರಡು ಸೆಕೆಂಡ್ ಒಂದೇ ಥರ ಕಾಣಬೇಕು. ಅದಕ್ಕೆ ಬೇಕಾದವನು ಬ್ಲಾಕೂ ಮಾಡುವ, ಕ್ಯಾಚೂ ಹಿಡಿಯುವ ಆಳು. ಅಂದರೆ ಟೈಟ್ ಎಂಡ್.

ಇಲ್ಲಿ ಎರಡು ಸಂಖ್ಯೆ ಕಲಿತರೆ ಸಾಕು, ಟಿವಿಯಲ್ಲಿ ಹೇಳುವುದು ಅರ್ಧ ಅರ್ಥವಾಗುತ್ತದೆ. ‘ಹನ್ನೊಂದು’ ಅಂದರೆ ಒಬ್ಬ ರನ್ನಿಂಗ್ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್‌ಗಳು. ‘ಹನ್ನೆರಡು’ ಅಂದರೆ ಒಬ್ಬ ರನ್ನಿಂಗ್ ಬ್ಯಾಕ್, ಇಬ್ಬರು ಟೈಟ್ ಎಂಡ್, ಇಬ್ಬರು ರಿಸೀವರ್. ಮೊದಲ ಅಂಕಿ ಬ್ಯಾಕ್‌ಗಳದ್ದು, ಎರಡನೆಯದು ಟೈಟ್ ಎಂಡ್‌ಗಳದ್ದು. ಹನ್ನೊಂದು ಇಳಿದರೆ ಎದುರಾಳಿ ಭಾರದ ಮೈಯ ಒಬ್ಬ ಲೈನ್‌ಬ್ಯಾಕರ್‌ನನ್ನು ಹೊರಗೆ ಕಳಿಸಿ, ಎಸೆತ ಕಾಯುವ ಹಗುರ ಮೈಯ ಐದನೇ ಡಿಫೆನ್ಸಿವ್ ಬ್ಯಾಕ್‌ನನ್ನು ತರುತ್ತಾನೆ, ಚೆಂಡು ಗಾಳಿಯಲ್ಲಿ ಬರುತ್ತದೆ ಅಂತ. ಹನ್ನೆರಡು ಇಳಿದರೆ ಪೇಚಾಟ. ಭಾರದವರನ್ನು ಉಳಿಸಿಕೊಂಡರೆ ಲವ್‌ಲ್ಯಾಂಡ್ ಥರದವನ ಹಿಂದೆ ಲೈನ್‌ಬ್ಯಾಕರ್ ಓಡಬೇಕು, ಓಡಲಾರ. ಹಗುರದವರನ್ನು ತಂದರೆ ಕ್ಮೆಟ್ ಅವರನ್ನು ಎತ್ತಿ ಒಗೆಯುತ್ತಾನೆ, ರನ್ನಿಂಗ್ ಬ್ಯಾಕ್ ಆ ಸಂದಿಯಲ್ಲಿ ನುಗ್ಗುತ್ತಾನೆ.

ಅಂದ ಮೇಲೆ ಲವ್‌ಲ್ಯಾಂಡ್ ಬಂದದ್ದು ಕ್ಮೆಟ್‌ನ ಜಾಗ ಕಿತ್ತುಕೊಳ್ಳಲು ಅಂತ ನಾನು ಓದಿಕೊಳ್ಳುವುದಿಲ್ಲ, ಈ ವರ್ಷದ ಮಟ್ಟಿಗಂತೂ ಇಲ್ಲ. ಇಬ್ಬರೂ ಒಟ್ಟಿಗೆ ಇಳಿದಾಗಲೇ ಇಬ್ಬರ ಬೆಲೆಯೂ ಹೆಚ್ಚು.

ಒಂದು ಪ್ಲೇಯನ್ನು ನಿಧಾನಕ್ಕೆ ಬಿಡಿಸಿ ನೋಡೋಣ. ಮೊದಲ ಡೌನ್ (ಹತ್ತು ಗಜ ದಾಟಲು ಸಿಗುವ ನಾಲ್ಕು ಸರದಿಗಳಲ್ಲಿ ಮೊದಲನೆಯದು), ಹತ್ತು ಗಜ ಬೇಕು. ಬಲತುದಿಯಲ್ಲಿ ಟ್ಯಾಕಲ್ ಡಾರ್ನೆಲ್ ರೈಟ್ ಮಗ್ಗುಲಲ್ಲೇ ಕ್ಮೆಟ್ ನೆಲಕ್ಕೆ ಕೈಯೂರಿ ಬಗ್ಗಿದ್ದಾನೆ. ಎಡಗಡೆ, ಲೈನ್‌ಗಿಂತ ಒಂದು ಹೆಜ್ಜೆ ಹಿಂದೆ ಲವ್‌ಲ್ಯಾಂಡ್. ವಿಲಿಯಮ್ಸ್ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ತೆಗೆದುಕೊಳ್ಳುತ್ತಾನೆ. ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟು ಸ್ನ್ಯಾಪ್ ಆದ ಕೂಡಲೇ ಐವರು ಲೈನ್‌ನವರೂ ಒಟ್ಟಿಗೆ ಎಡಕ್ಕೆ ಹೆಜ್ಜೆ ಹಾಕುತ್ತಾರೆ. ರನ್ನಿಂಗ್ ಬ್ಯಾಕ್ ಡಿ'ಆಂಡ್ರೆ ಸ್ವಿಫ್ಟ್ ಎಡಕ್ಕೆ ಓಡುತ್ತಾನೆ. ವಿಲಿಯಮ್ಸ್ ಡಿಫೆನ್ಸ್‌ಗೆ ಬೆನ್ನು ಹಾಕಿ ಚೆಂಡನ್ನು ಸ್ವಿಫ್ಟ್ ಹೊಟ್ಟೆಯ ಹತ್ತಿರಕ್ಕೆ ಚಾಚುತ್ತಾನೆ. ಲವ್‌ಲ್ಯಾಂಡ್ ಎದುರಿನವನ ಎದೆಗೆ ಎರಡೂ ಕೈ ಹಚ್ಚಿ ಬ್ಲಾಕ್ ಮಾಡುವಂತೆ ಒಂದು ಕ್ಷಣ ನಿಲ್ಲುತ್ತಾನೆ. ಎದುರಿನ ಲೈನ್‌ಬ್ಯಾಕರ್‌ಗೆ ಕಲಿಸಿರುವುದೇ ಟೈಟ್ ಎಂಡ್ ಏನು ಮಾಡುತ್ತಾನೆ ನೋಡು, ಅವನು ಬ್ಲಾಕ್ ಮಾಡಿದರೆ ಓಟ ಅಂತ. ಅವನು ಓಟ ನೋಡಿದ, ಮೂರು ಹೆಜ್ಜೆ ಮುಂದೆ ಬಂದ. ಅಷ್ಟು ಸಾಕು. ಲವ್‌ಲ್ಯಾಂಡ್ ಕೈ ಬಿಡಿಸಿಕೊಂಡು ಅವನ ಬೆನ್ನ ಹಿಂದಿನಿಂದ ಎಡದಿಂದ ಬಲಕ್ಕೆ ಮೈದಾನ ಸೀಳಿಕೊಂಡು ಹೋಗುತ್ತಾನೆ. ಮೂರ್ ಬಲಗಡೆ ಆಳಕ್ಕೆ ಓಡಿ ಇಬ್ಬರು ಡಿಫೆನ್ಸಿವ್ ಬ್ಯಾಕ್‌ಗಳನ್ನು, ಕಾರ್ನರ್‌ಬ್ಯಾಕ್‌ನನ್ನೂ ಸೇಫ್ಟಿಯನ್ನೂ, ಎಳೆದುಕೊಂಡು ಹೋಗಿದ್ದಾನೆ. ವಿಲಿಯಮ್ಸ್ ಚೆಂಡು ಕೊಡದೆ ಬಲಕ್ಕೆ ಉರುಳಿ ಬರುವ ಹೊತ್ತಿಗೆ ಹದಿನೈದು ಗಜ ಮುಂದೆ 6 ಅಡಿ 6 ಅಂಗುಲದ ಆಳು ಒಬ್ಬನೇ ಓಡುತ್ತಿದ್ದಾನೆ.

ಈಗ ಇದರಲ್ಲಿ ಲವ್‌ಲ್ಯಾಂಡ್ ಬ್ಲಾಕ್ ಮಾಡಲಾರದವನು ಅಂದುಕೊಳ್ಳಿ. ಲೈನ್‌ಬ್ಯಾಕರ್‌ಗೆ ಅದು ಗೊತ್ತಿರುತ್ತದೆ, ಆ ಮೂರು ಹೆಜ್ಜೆ ಹಾಕುವುದೇ ಇಲ್ಲ. ಕಾಲೇಜಿನಲ್ಲಿ ಸ್ಟಾರ್ ಆಗಿದ್ದವನನ್ನು ಕೋಚ್‌ಗಳು ಮೊದಲ ತಿಂಗಳು ಬ್ಲಾಕಿಂಗ್‌ನಲ್ಲೇ ಅರೆಯುವುದು ಇದಕ್ಕೇ. ಲವ್‌ಲ್ಯಾಂಡ್‌ನ ತೂಕ ಸುಮಾರು 248 ಪೌಂಡ್. ಈ ಲೀಗ್‌ನ ಡಿಫೆನ್ಸಿವ್ ಎಂಡ್‌ಗಳ ಎದುರು ಅದು ಹೆಚ್ಚಲ್ಲ. ಮೇಲೆ ಜನವರಿಯಲ್ಲಿ ಭುಜದ ಆಪರೇಷನ್ ಬೇರೆ ಆಗಿದೆ. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಲೈನ್ ಪಕ್ಕ ಕೈಯೂರಿ ಕೂರುವ ಭಾರದ ಕೆಲಸ ಕ್ಮೆಟ್‌ನದೇ. ಲವ್‌ಲ್ಯಾಂಡ್ ಹೆಚ್ಚಾಗಿ ರಿಸೀವರ್ ಥರ ದೂರದಲ್ಲೋ, ಲೈನ್‌ನ ಹಿಂದೆ ಅತ್ತಿತ್ತ ಸರಿಯುತ್ತಲೋ ಇರುತ್ತಾನೆ ಅಂತ ನನ್ನ ಲೆಕ್ಕ.

ಮಿಷಿಗನ್‌ನಲ್ಲಿ ಅವನ ಕೊನೆಯ ವರ್ಷ 56 ಕ್ಯಾಚ್, 582 ಗಜ, 5 ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸುವುದು). ಸಂಖ್ಯೆ ನೋಡಿದರೆ ಹತ್ತನೇ ಆಯ್ಕೆಗೆ ಸಾಲದು ಅನಿಸುತ್ತದೆ. ಪೆನ್ ಸ್ಟೇಟ್‌ನ ಟೈಲರ್ ವಾರನ್ ಅದೇ ವರ್ಷ 104 ಕ್ಯಾಚ್ ಹಿಡಿದಿದ್ದ, ಬೇರ್ಸ್ ಅವನನ್ನು ಬಿಟ್ಟರು, 14ನೆಯವನಾಗಿ ಇಂಡಿಯಾನಾಪೊಲಿಸ್ ಎತ್ತಿಕೊಂಡಿತು. ಆದರೆ 2024ರ ಮಿಷಿಗನ್‌ನಲ್ಲಿ ಚೆಂಡು ನೆಟ್ಟಗೆ ಎಸೆಯುವವರೇ ಇರಲಿಲ್ಲ. ಅದರ ಹಿಂದಿನ ವರ್ಷ, ರಾಷ್ಟ್ರೀಯ ಚಾಂಪಿಯನ್ ಆದ ತಂಡದಲ್ಲಿ ಜೆ.ಜೆ. ಮೆಕಾರ್ಥಿ ಎಸೆಯುತ್ತಿದ್ದಾಗ ಇದೇ ಹುಡುಗ 45 ಕ್ಯಾಚ್‌ನಲ್ಲಿ 649 ಗಜ ಹೋಗಿದ್ದ. ಆ ಪಂದ್ಯಗಳ ವಿಡಿಯೋ ನೋಡಿ. ತಿರುವಿನಲ್ಲಿ ಅವನ ವೇಗ ಕಡಿಮೆಯಾಗುವುದಿಲ್ಲ. ಅಷ್ಟು ಉದ್ದದ ಮೈಗೆ ಅದು ಅಪರೂಪ. ವಾರನ್ ಹೆಚ್ಚು ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಮೆಟ್ ಜೊತೆಗೆ ನಿಲ್ಲಲು ಬೇಕಾದವನು ಲವ್‌ಲ್ಯಾಂಡ್ ಥರದವನೇ.

ಡೆಟ್ರಾಯಿಟ್‌ನಲ್ಲಿ ಜಾನ್ಸನ್ ಇದನ್ನು ಒಮ್ಮೆ ಮಾಡಿ ತೋರಿಸಿದ್ದಾರೆ. 2023ರ ಡ್ರಾಫ್ಟ್‌ನಲ್ಲಿ ಲಯನ್ಸ್ 12ನೆಯವನಾಗಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್‌ನನ್ನು, 34ನೆಯವನಾಗಿ ಅಯೋವಾದ ಟೈಟ್ ಎಂಡ್ ಸ್ಯಾಮ್ ಲಪೋರ್ಟಾನನ್ನು ತಂದರು. ಆಗಲೂ ನಿಮ್ಮ ಪ್ರಶ್ನೆಯನ್ನೇ ಜನ ಕೇಳಿದ್ದರು. ಬ್ಯಾಕ್‌ಗಳಿದ್ದಾರಲ್ಲ, 12ನೇ ಆಯ್ಕೆ ವ್ಯರ್ಥ ಅಂತ. ಗಿಬ್ಸ್ ಬಂದದ್ದರಿಂದ ಅಲ್ಲಿಂದ ಹೊರಬಿದ್ದವನೇ ಈಗ ಬೇರ್ಸ್‌ನಲ್ಲಿರುವ ಸ್ವಿಫ್ಟ್. ಲಪೋರ್ಟಾನನ್ನು ಜಾನ್ಸನ್ ಮೊದಲ ಪಂದ್ಯದಿಂದಲೇ ಪೂರ್ತಿ ಹೊತ್ತು ಆಡಿಸಿದರು. ಆ ವರ್ಷ ಅವನದು 86 ಕ್ಯಾಚ್, 889 ಗಜ, 10 ಟಚ್‌ಡೌನ್. ಹೊಸ ಟೈಟ್ ಎಂಡ್ ಒಬ್ಬ ಅಷ್ಟು ಕ್ಯಾಚ್ ಹಿಡಿದದ್ದು ಆಗ ದಾಖಲೆ, ಮರುವರ್ಷ ಬ್ರಾಕ್ ಬೋವರ್ಸ್ ಅದನ್ನು ಮುರಿದ. ಗಿಬ್ಸ್ ವಿಷಯದಲ್ಲಿ ಮಾತ್ರ ಬೇರೆ ನಡೆ. ಮೊದಲ ಪಂದ್ಯದಲ್ಲಿ ಅವನ ಕೈಗೆ ಓಡಲು ಚೆಂಡು ಕೊಟ್ಟದ್ದು ಏಳೇ ಸಲ. ಡೆಟ್ರಾಯಿಟ್ ಜನ ಕೂಗಾಡಿದರು. ಇನ್ನೊಬ್ಬ ರನ್ನಿಂಗ್ ಬ್ಯಾಕ್ ಡೇವಿಡ್ ಮಾಂಟ್ಗೊಮೆರಿಗೆ ಗಾಯವಾಗಿದ್ದಾಗ, ಅಕ್ಟೋಬರ್ 30ರ ರಾತ್ರಿ ರೇಡರ್ಸ್ ಎದುರು 26 ಸಲ ಕೊಟ್ಟರು, 152 ಗಜ ಓಡಿದ. ವರ್ಷದ ಕೊನೆಗೆ ಗಿಬ್ಸ್ 945, ಮಾಂಟ್ಗೊಮೆರಿ 1,015 ಗಜ. ಒಂದೇ ಡ್ರಾಫ್ಟ್, ಒಂದೇ ಕೋಚ್, ಒಬ್ಬನಿಗೆ ಮೊದಲ ದಿನವೇ ಪೂರ್ತಿ ಹೊರೆ, ಇನ್ನೊಬ್ಬನಿಗೆ ಚಮಚದಲ್ಲಿ. ಹುಡುಗ ಯಾವುದನ್ನು ತಪ್ಪಿಲ್ಲದೆ ಮಾಡುತ್ತಾನೋ ಅಷ್ಟನ್ನೇ ಕೊಡುವುದು ಅವರ ಪದ್ಧತಿ.

ಒಂದು ಪ್ಲೇ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2024ರ ಡಿಸೆಂಬರ್ 22, ನಿಮ್ಮೂರಿನ ಸೋಲ್ಜರ್ ಫೀಲ್ಡ್. ನಿಮ್ಮ ಮಗ ನೋಡಿದ್ದರೆ ಮರೆತಿರಲಾರ. ಡೆಟ್ರಾಯಿಟ್‌ನ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಹಿಂದಕ್ಕೆ ಸರಿಯುವಾಗ ಮುಗ್ಗರಿಸಿದ, ಪಕ್ಕದಲ್ಲೇ ಗಿಬ್ಸ್ ನೆಲಕ್ಕೆ ಬಿದ್ದ. ಚೆಂಡು ಜಾರಿತು ಅಂದುಕೊಂಡು ಬೇರ್ಸ್ ಡಿಫೆಂಡರ್‌ಗಳ ಕಣ್ಣು ನೆಲಕ್ಕೆ ಹೋಯಿತು. ಎರಡೂ ನಟನೆ. ಲಪೋರ್ಟಾ 21 ಗಜದ ಟಚ್‌ಡೌನ್ ಹೊಡೆದ. ಆ ಪ್ಲೇ ಬರೆದವರು ಜಾನ್ಸನ್. ಒಂದು ತಿಂಗಳ ನಂತರ ಬೇರ್ಸ್ ಅವರನ್ನೇ ಕರೆತಂದರು. ಬೀಳುವ ನಾಟಕಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಚೆಂಡು ಕೊನೆಗೆ ಹೋದದ್ದು ಟೈಟ್ ಎಂಡ್ ಕೈಗೆ ಅನ್ನುವುದು.

ಬರ್ಡನ್ ಕಥೆ ಬೇರೆ. ಅವನು ಚೆಂಡು ಹಿಡಿಯುವುದಕ್ಕಿಂತ ಹಿಡಿದ ಮೇಲೆ ಏನು ಮಾಡುತ್ತಾನೆ ಅನ್ನುವುದಕ್ಕೆ ಹೆಸರಾದವನು. ಮಿಸ್ಸೂರಿಯಲ್ಲಿ 2023ರಲ್ಲಿ 86 ಕ್ಯಾಚ್, 1,212 ಗಜ. ಮರುವರ್ಷ 61 ಕ್ಯಾಚ್, 676 ಗಜಕ್ಕೆ ಇಳಿದ, ಅದಕ್ಕೇ ಎರಡನೇ ಸುತ್ತಿಗೆ ಉಳಿದ. ಹೋದ ವರ್ಷ ಒಳಗಡೆ, ಸ್ಲಾಟ್‌ನಲ್ಲಿ ಹೆಚ್ಚಾಗಿ ನಿಲ್ಲುತ್ತಿದ್ದ ಕೀನನ್ ಆ್ಯಲನ್ 70 ಕ್ಯಾಚ್ ಹಿಡಿದಿದ್ದ, ಅವನ ಕರಾರು ಮುಗಿದಿದೆ. ಕಾಗದದ ಮೇಲೆ ಆ ಜಾಗ ಬರ್ಡನ್‌ಗೆ. ಆದರೆ ಆ್ಯಲನ್ ಡಿಫೆಂಡರ್‌ನ ನಿಲುವು ನೋಡಿ ಓಡುತ್ತಲೇ ದಾರಿ ಬದಲಿಸುವ ಹಳೆಯ ಹುಲಿ. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣ ಅದೇ ನಿರ್ಧಾರಕ್ಕೆ ಬರಬೇಕು. ಇಪ್ಪತ್ತೊಂದರ ಹುಡುಗನಿಗೆ ಅದು ಒಂದು ಬೇಸಿಗೆಯಲ್ಲಿ ಬರುವಂಥದ್ದಲ್ಲ. ಬರ್ಡನ್‌ಗೆ ಮೊದಲು ಸುಲಭದ ಕೆಲಸ ಕೊಡುತ್ತಾರೆ ಅಂತ ನನ್ನ ನಿರೀಕ್ಷೆ. ಲೈನ್ ಹಿಂದೆಯೇ ಚೆಂಡು ಕೊಟ್ಟು ಮುಂದೆ ಇಬ್ಬರು ಬ್ಲಾಕ್ ಮಾಡುವ ಸ್ಕ್ರೀನ್, ಸ್ನ್ಯಾಪ್‌ಗೆ ಮೊದಲೇ ಅಡ್ಡಲಾಗಿ ಓಡಿಬಂದು ಕೈಯಿಂದ ಕೈಗೆ ಚೆಂಡು ತೆಗೆದುಕೊಳ್ಳುವುದು, ಐದು ಗಜದ ಅಡ್ಡ ಓಟ. ಪಂದ್ಯಕ್ಕೆ ಒಂದು ತಂಡಕ್ಕೆ ಸಿಗುವುದು ಸುಮಾರು 60ರಿಂದ 65 ಪ್ಲೇ. ಶುರುವಿನಲ್ಲಿ ಅದರಲ್ಲಿ ಇಪ್ಪತ್ತು ಅವನಿಗೆ ಸಿಕ್ಕರೆ ಹೆಚ್ಚು.

ಮಗನಿಗೆ ಇದನ್ನು ಈಗಲೇ ಹೇಳಿಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡ. ಡೆಟ್ರಾಯಿಟ್‌ನ ರಿಸೀವರ್ ಜೇಮ್ಸನ್ ವಿಲಿಯಮ್ಸ್ 2022ರಲ್ಲಿ 12ನೇ ಆಯ್ಕೆ, ಮಿಂಚಿನ ವೇಗ. ಅವನು ಸಾವಿರ ಗಜ ದಾಟಿದ್ದು ಮೂರನೇ ವರ್ಷ. ಅದೇ ತಂಡದ ಅಮನ್-ರಾ ಸೇಂಟ್ ಬ್ರೌನ್ ನಾಲ್ಕನೇ ಸುತ್ತಿನವನು. ಅವನು ಬೇಗ ಬೆಳೆಯಲು ಒಂದು ಕಾರಣ ಓಟದ ಪ್ಲೇಗಳಲ್ಲೂ ಮೈಬಗ್ಗಿಸಿ ಬ್ಲಾಕ್ ಮಾಡುತ್ತಿದ್ದುದು. ಬರ್ಡನ್ ಬ್ಲಾಕ್ ಮಾಡಲು ಕಲಿತರೆ ಮೈದಾನದಲ್ಲಿ ಉಳಿಯುತ್ತಾನೆ, ಇಲ್ಲವಾದರೆ ಅವನು ಇಳಿದ ಕೂಡಲೇ ಎದುರಾಳಿಗೆ ಎಸೆತ ಬರುತ್ತದೆ ಅಂತ ಗೊತ್ತಾಗುತ್ತದೆ. ಆಗ ಚಂದ್ರ ಅವರ ಗೂಗ್ಲಿ ಕೈಯಲ್ಲೇ ಓದಿಸಿಕೊಂಡ ಹಾಗೆ.

ಟ್ರಪಿಲೊ 6 ಅಡಿ 8 ಅಂಗುಲ. ಅವನ ತಂದೆ ಸ್ಟೀವ್ ಟ್ರಪಿಲೊ ನ್ಯೂ ಆರ್ಲೀನ್ಸ್ ಸೇಂಟ್ಸ್‌ನ ಲೈನ್‌ನಲ್ಲಿ ಗಾರ್ಡ್ ಆಗಿ ಆಡಿದವರು. ಬೇರ್ಸ್‌ಗೆ ಪ್ರಶ್ನೆಯಿರುವುದು ಎಡ ಟ್ಯಾಕಲ್‌ನಲ್ಲಿ. ಬ್ರ್ಯಾಕ್ಸ್‌ಟನ್ ಜೋನ್ಸ್ ಕಾಲಿನ ಗಾಯದಿಂದ ಚೇತರಿಸಿಕೊಳ್ಳುತ್ತಿದ್ದಾನೆ, ಕರಾರಿನ ಕೊನೆಯ ವರ್ಷ ಬೇರೆ. ಟ್ರಪಿಲೊ ಕಾಲೇಜಿನ ಕೊನೆಯ ಎರಡು ವರ್ಷ ಬಲಗಡೆ ಆಡಿದವನು. ಬಲದಿಂದ ಎಡಕ್ಕೆ ಹೋಗುವುದೆಂದರೆ ಹಿಂದಿನ ಕಾಲು ಬದಲು, ಮೊದಲು ಚಾಚುವ ಕೈ ಬದಲು, ಸೊಂಟ ತಿರುಗುವ ದಿಕ್ಕು ಬದಲು. ಬಲಗೈಯಲ್ಲಿ ರಂಗೋಲಿ ಹಾಕಿ ಅಭ್ಯಾಸವಾದವರಿಗೆ ಎಡಗೈಯಲ್ಲಿ ಎಳೆಯಲು ಹೇಳಿದ ಹಾಗೆ. ಸೆಪ್ಟೆಂಬರ್‌ನಲ್ಲೇ ಅವನನ್ನು ಅಲ್ಲಿ ನಿಲ್ಲಿಸದಿರುವುದು ಕ್ಷೇಮ ಅಂತ ನನಗೆ ತೋರುತ್ತದೆ. ನ್ಯೂಮನ್ ಸದ್ಯಕ್ಕೆ ಬದಲಿ ಆಟಗಾರ.

ಕೊನೆಗೆ, ನನಗೆ ತುಂಬ ಇಷ್ಟವಾದ ಆಯ್ಕೆ ಮೊನಂಗೈ. ಏಳನೇ ಸುತ್ತು ಅಂದರೆ ಮನೆಗೆ ಹೋಗುವ ಮುಂಚೆ ಸಂತೆಯಲ್ಲಿ ಕೊನೆಗೆ ಕೊಂಡದ್ದು. ಆದರೆ ರಟ್ಗರ್ಸ್‌ನಲ್ಲಿ 2023ರಲ್ಲಿ 1,262 ಗಜ, 2024ರಲ್ಲಿ 1,279 ಗಜ ಓಡಿದವನು. ಗಿಡ್ಡ, ಗುಂಡುಕಲ್ಲಿನಂಥ ಮೈ. ಸ್ವಿಫ್ಟ್ ಹೋದ ವರ್ಷ 253 ಸಲ ಓಡಿ 959 ಗಜ ಗಳಿಸಿದ, ಸಲಕ್ಕೆ ನಾಲ್ಕು ಗಜವೂ ಬೀಳಲಿಲ್ಲ. ಅವನು ಹೊರಗೆ ಜಾರುವ ಆಟಗಾರ, ನಡುವೆ ಗುದ್ದಿ ಎರಡು ಗಜ ಕಿತ್ತು ತರುವವನಲ್ಲ. ಡೆಟ್ರಾಯಿಟ್‌ನಲ್ಲಿ ಆ ಗುದ್ದುವ ಕೆಲಸ ಮಾಡಿದ ಮಾಂಟ್ಗೊಮೆರಿ 2022ರವರೆಗೆ ನಿಮ್ಮ ಬೇರ್ಸ್‌ನಲ್ಲೇ ಇದ್ದವನು, ಆಗ ಕೈಬಿಟ್ಟರು. ಈಗ ಅದೇ ಅಚ್ಚಿನವನನ್ನು 233ರಲ್ಲಿ ಹುಡುಕಿದ್ದಾರೆ. ಮೊನಂಗೈ ಆಡುವುದು ಬಿಡುವುದು ನಿಂತಿರುವುದು ಓಟದ ಮೇಲಲ್ಲ. ಎದುರಾಳಿ ಲೈನ್‌ಬ್ಯಾಕರ್ ಸಂದಿಯಿಂದ ನುಗ್ಗಿ ಬಂದಾಗ ಅವನ ಎದೆಗೆ ಎದೆ ಕೊಟ್ಟು ಕೇಲಬ್ ವಿಲಿಯಮ್ಸ್‌ನನ್ನು ಉಳಿಸುತ್ತಾನೋ ಅನ್ನುವುದರ ಮೇಲೆ. ಅದು ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲೇ ಕಾಣುತ್ತದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ಉಳಿದವರೆಲ್ಲ ಟಿವಿ ಆರಿಸಿದ ಮೇಲೂ ನೀವು ಕೂತು ನೋಡಿ.

ಮೊದಲ ಪಂದ್ಯ 2025ರ ಸೆಪ್ಟೆಂಬರ್ 8, ಸೋಮವಾರ ರಾತ್ರಿ, ಸೋಲ್ಜರ್ ಫೀಲ್ಡ್, ಎದುರಾಳಿ ಮಿನ್ನೆಸೋಟಾ ವೈಕಿಂಗ್ಸ್. ಲವ್‌ಲ್ಯಾಂಡ್‌ಗೆ ಮಿಷಿಗನ್‌ನಲ್ಲಿ ಚೆಂಡು ಎಸೆಯುತ್ತಿದ್ದ ಮೆಕಾರ್ಥಿ ಈಗ ಆ ತಂಡದವನು. ಅವರ ಡಿಫೆನ್ಸ್ ನಡೆಸುವ ಬ್ರಯನ್ ಫ್ಲೋರೆಸ್ ಎಲ್ಲಿಂದ ಯಾರನ್ನು ನುಗ್ಗಿಸುತ್ತಾರೋ ಹೇಳಲಾಗದು, ಹೊಸ ಹುಡುಗರಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಆವತ್ತು ಮೊದಲ ಹತ್ತು ಪ್ಲೇ ಚೆಂಡನ್ನು ಹಿಂಬಾಲಿಸಬೇಡಿ. ಬೇರ್ಸ್ ಹಡಲ್‌ನಿಂದ (ಗುಂಪುಗೂಡಿ ಮಾತಾಡಿಕೊಳ್ಳುವಲ್ಲಿಂದ) ಬಿಡಿಸಿಕೊಂಡು ಬರುವಾಗ 84 ಮತ್ತು 85 ನಂಬರಿನವರು ಇಬ್ಬರೂ ಇದ್ದಾರೋ ಮಗನಿಗೆ ಎಣಿಸಲು ಹೇಳಿ, 84 ಲವ್‌ಲ್ಯಾಂಡ್, 85 ಕ್ಮೆಟ್. ನೀವು ವೈಕಿಂಗ್ಸ್ ಬದಿಯ ಗೆರೆ ನೋಡುತ್ತಿರಿ. ಇಬ್ಬರೂ ಇಳಿದಾಗ ಅಲ್ಲಿಂದ ಓಡಿ ಬರುವವನು ಭಾರದವನೋ ಹಗುರದವನೋ ಗುರುತಿಟ್ಟುಕೊಳ್ಳಿ, ಆಮೇಲೆ 84 ಎಲ್ಲಿ ಹೋಗಿ ನಿಲ್ಲುತ್ತಾನೆ ನೋಡಿ.